ಉಪ್ಪಿಟ್ಟು: ಒಲಿದವರು, ಒಲ್ಲದವರು

ಕನ್ನಡಿಗರ ಮನೆಯ ಬೆಳಗಿನ ಉಪಾಹಾರಗಳಲ್ಲಿ ಇಡ್ಲಿ ದೋಸೆಗಳ ವಿಷಯವಾಗಿ ಭಿನ್ನಮತ ಕಡಿಮೆ. ಇಡ್ಲಿ ಗಟ್ಟಿಯಾಯಿತು, ದೋಸೆ ಗರಿಗರಿಯಾಗಲಿಲ್ಲ ಎಂಬ ದೂರು ಇರಬಹುದೇ ಹೊರತು ಇಡ್ಲಿಯೇ ಬೇಡವೆನ್ನುವವರು ವಿರಳ. ಉಪ್ಪಿಟ್ಟಿನ ಸಂಗತಿ ಹಾಗಲ್ಲ. ಒಂದೇ ಮನೆಯಲ್ಲಿ, ಒಂದೇ ಬಾಣಲೆಯಿಂದ ಬಡಿಸಿಕೊಂಡವರಲ್ಲಿ ಒಬ್ಬರು ಎರಡನೆಯ ಬಾರಿ ಕೇಳಿ ಹಾಕಿಸಿಕೊಂಡರೆ ಇನ್ನೊಬ್ಬರು ಬಾಗಿಲಲ್ಲೇ ವಾಸನೆ ಹಿಡಿದು 'ಇವತ್ತೂ ಅದೇನಾ' ಎಂದು ಮುಖ ತಿರುಗಿಸುತ್ತಾರೆ. 'ಕಾಂಕ್ರೀಟ್' ಎಂಬ ಅಡ್ಡಹೆಸರು ಕರ್ನಾಟಕದ ವಿದ್ಯಾರ್ಥಿನಿಲಯಗಳಲ್ಲಿ ಎಷ್ಟು ಹಳೆಯದೆಂದರೆ ಅದನ್ನು ಮೊದಲು ಇಟ್ಟವರು ಯಾರೆಂದು ಕೇಳುವುದೇ ವ್ಯರ್ಥ.

ಇಷ್ಟು ಸಾಮಾನ್ಯವಾದ, ಅಗ್ಗವಾದ, ಹದಿನೈದು ನಿಮಿಷಗಳಲ್ಲಿ ಸಿದ್ಧವಾಗುವ ತಿಂಡಿಯೊಂದು ಜನರನ್ನು ಹೀಗೆ ಎರಡು ಪಂಗಡವಾಗಿ ಏಕೆ ಒಡೆಯಬೇಕು? ಉತ್ತರವು ನಾಲಿಗೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಉಪ್ಪಿಟ್ಟನ್ನು ಬಾಲ್ಯದಲ್ಲಿ ಎಲ್ಲಿ, ಯಾರ ಕೈಯಿಂದ, ಯಾವ ಸ್ಥಿತಿಯಲ್ಲಿ ತಿನ್ನಬೇಕಾಯಿತು ಎಂಬುದರಲ್ಲಿದೆಯೆಂದು ತೋರುತ್ತದೆ. ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಈ ಮಾತಿಗೆ ವಿಶೇಷ ಪುರಾವೆಗಳು ಸಿಗುತ್ತವೆ.

ಹೆಸರು ಮತ್ತು ನೆರೆಹೊರೆ

ಉಪ್ಪು ಮತ್ತು ಹಿಟ್ಟು ಎಂಬ ಎರಡು ಪದಗಳು ಕೂಡಿ, ನಡುವಿನ ಹಕಾರ ಬಿದ್ದು, ಉಪ್ಪಿಟ್ಟು ಎಂದಾಗಿದೆ. ತಮಿಳಿನ 'ಉಪ್ಪುಮಾವು' ಕೂಡ ಇದೇ ರೀತಿಯ ರಚನೆ. ಅಲ್ಲಿ ಮಾವು ಎಂದರೆ ಹಿಟ್ಟು. ತೆಲುಗಿನ 'ಉಪ್ಮಾ' ಅದರ ಬಳಗದ್ದೇ. ಮರಾಠಿಯವರು ಮಾತ್ರ ನಮ್ಮ ಪದವನ್ನೇ 'ಉಪೀಟ್' ಎಂದು ಕರೆದುಕೊಂಡಿದ್ದಾರೆ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಹೋಟೆಲಿನ ಫಲಕದಲ್ಲಿ ಈ ಪದವನ್ನು ಕಂಡಾಗ ಅದು ತಮ್ಮ ಮನೆಯ ಮಾತೆಂದು ಧೈರ್ಯವಾಗಿ ಹೇಳಬಹುದು. ಮುಂಬಯಿಯಲ್ಲಿ ಉಡುಪಿ ಹೋಟೆಲುಗಳೇ 'ಉಪ್ಮಾ' ಎಂಬ ರೂಪವನ್ನು ರೂಢಿಗೆ ತಂದಿದ್ದರಿಂದ ಅಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಉಪ್ಪಿಟ್ಟು ಎಂಬುದು ಅಜ್ಜಿಯ ಮಾತು, ಉಪ್ಮಾ ಎಂಬುದು ಕ್ಯಾಂಟೀನಿನ ಮಾತು.

ಹೆಸರಿನಲ್ಲಿ ಹಿಟ್ಟು ಇದ್ದರೂ ಇಂದು ನಾವು ಬಳಸುವುದು ರವೆಯನ್ನು. ಅಕ್ಕಿಯ ತರಿ, ಅಕ್ಕಿಹಿಟ್ಟುಗಳಿಂದ ಮಾಡುವ ಉಪ್ಪಿಟ್ಟು ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಇಂದಿಗೂ ಉಳಿದಿದೆ. ತಮಿಳರ ಮನೆಗಳಲ್ಲಿ ಹುಣಿಸೆಹುಳಿ ಹಾಕಿ ಅಕ್ಕಿಹಿಟ್ಟಿನಿಂದ ಮಾಡುವ ಹುಳಿ ಉಪ್ಪುಮಾ ಬಲ್ಲವರಿಗೆ ಹೆಸರಿನ ಮೂಲಾರ್ಥ ತಾನಾಗಿ ಹೊಳೆಯುತ್ತದೆ. (ಹಳೆ ಮೈಸೂರಿನ ಹಳ್ಳಿಗಳಲ್ಲಿ ಬರಿದೇ 'ಹಿಟ್ಟು' ಎಂದರೆ ರಾಗಿಮುದ್ದೆ. 'ಹಿಟ್ಟು ಉಂಡಾಯಿತೇ' ಎಂದು ಕೇಳಿದವರಿಗೆ 'ಉಪ್ಪಿಟ್ಟು ಆಯಿತು' ಎಂದರೆ ಊಟವಾಗಿಲ್ಲವೆಂದೇ ಅರ್ಥ.)

ಸಂಬಂಧ ಬೆಳೆಸಿದ ಮನೆಗಳಲ್ಲಿ ನಗೆಪಾಟಲಿಗೆ ಕಾರಣವಾಗುವ ಪದವೊಂದಿದೆ: ಸಜ್ಜಿಗೆ. ಮೈಸೂರು ಬೆಂಗಳೂರಿನವರಿಗೆ ಸಜ್ಜಿಗೆಯೆಂದರೆ ಸಿಹಿ, ಸತ್ಯನಾರಾಯಣ ಪೂಜೆಯ ಪ್ರಸಾದ. ಉಡುಪಿ, ಮಂಗಳೂರಿನವರಿಗೆ ಅದೇ ಪದ ಖಾರದ ಉಪ್ಪಿಟ್ಟನ್ನು ಸೂಚಿಸುತ್ತದೆ. ಮೈಸೂರಿನ ಸೊಸೆ ಕರಾವಳಿಯ ಅತ್ತೆಯ ಮನೆಯಲ್ಲಿ 'ಸಜ್ಜಿಗೆ ಮಾಡು' ಎಂಬ ಮಾತು ಕೇಳಿ ಸಕ್ಕರೆ ಡಬ್ಬಿಗೆ ಕೈ ಹಾಕಿದ ಪ್ರಸಂಗ ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ತಮ್ಮದೇ ಕಥೆಯೆಂಬಂತೆ ಹೇಳಲ್ಪಡುತ್ತದೆ. ಉತ್ತರ ಕರ್ನಾಟಕದವರು ಸಿಹಿಯಾದುದನ್ನು ಶಿರಾ ಎನ್ನುವುದರಿಂದ ಅವರಿಗೆ ಈ ತೊಡಕಿಲ್ಲ.

ರವೆಯ ವಿಚಾರ

ಗೋಧಿಯ ಕಾಳಿನಿಂದ ಹೊಟ್ಟನ್ನೂ ಮೊಳಕೆಯ ಭಾಗವನ್ನೂ ಬೇರ್ಪಡಿಸಿ, ಒಳಗಿನ ಬಿಳಿಯ ಭಾಗವನ್ನು ನುಣ್ಣಗಾಗದಂತೆ ಒಡೆದಾಗ ದೊರೆಯುವುದು ರವೆ. ಅದನ್ನು ಇನ್ನೂ ಅರೆದರೆ ಮೈದಾ. ನುಣ್ಣನೆಯ ಚಿರೋಟಿ ರವೆ ಸಿಹಿತಿಂಡಿಗಳಿಗೆ ಸಲ್ಲುತ್ತದೆ. ಉಪ್ಪಿಟ್ಟಿಗೆ ಬೇಕಾದುದು ಮಧ್ಯಮ ಗಾತ್ರದ್ದು. ಇದಕ್ಕೆ ಬೆಂಗಳೂರಿನ ಅಂಗಡಿಗಳಲ್ಲೂ ಆಂಧ್ರ, ತೆಲಂಗಾಣಗಳಲ್ಲೂ 'ಬಾಂಬೆ ರವೆ' ಎಂದೇ ಹೆಸರು. ಮುಂಬಯಿಯ ಅಂಗಡಿಯಲ್ಲಿ ಹಾಗೆ ಕೇಳಿದರೆ ಅಂಗಡಿಯವನು ತಬ್ಬಿಬ್ಬಾಗುತ್ತಾನೆ, ಅಲ್ಲಿ ಅದು ಬರಿಯ ರವಾ. ಗಟ್ಟಿ ಗೋಧಿಯಿಂದ ಬರುವ, ಹೊಂಬಣ್ಣದ ಬನ್ಸಿ ರವೆ ಹೆಚ್ಚು ನೀರು ಕುಡಿಯುತ್ತದೆ, ಬೆಂದ ಮೇಲೂ ಕಾಳುಕಾಳಾಗಿ ನಿಲ್ಲುತ್ತದೆ. ಬೆಳಗಾವಿ, ಧಾರವಾಡದ ಕಡೆ ಜವೆ ಗೋಧಿಯ ರವೆಯ ರುಚಿ ಕಂಡವರು ಪಟ್ಟಣದ ಬಿಳಿ ರವೆಯನ್ನು ಎರಡನೆಯ ದರ್ಜೆಯದೆಂದೇ ಭಾವಿಸುತ್ತಾರೆ. ಅವರ ಅಭಿಪ್ರಾಯ ಸರಿಯೆಂದೇ ನಮ್ಮ ಮತ.

ದಕ್ಷಿಣದ ಅಕ್ಕಿಯುಣ್ಣುವ ಮನೆಗಳಲ್ಲಿ ಗೋಧಿ ಹಿಂದೆ ನಿತ್ಯದ ಧಾನ್ಯವಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತುಹೋದಾಗ ಪಡಿತರದ ಕಾಲ ಆರಂಭವಾಯಿತು. ಮುಂಬಯಿಯಲ್ಲಿ 1943ರಲ್ಲಿ ಪಡಿತರ ಜಾರಿಗೆ ಬಂತು. ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆ ತನ್ನ ರವೆ ಇಡ್ಲಿ ಆ ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ಹುಟ್ಟಿದ್ದೆಂದು ಹೇಳಿಕೊಂಡು ಬಂದಿದೆ. ಅಕ್ಕಿ ಇಲ್ಲದಿದ್ದಾಗ ಒದಗಿದ ರವೆ, ಅಕ್ಕಿ ಮರಳಿ ಬಂದ ಮೇಲೂ ಅಡುಗೆಮನೆ ಬಿಟ್ಟು ಹೋಗಲಿಲ್ಲ.

ಮಾಡುವ ಕ್ರಮ ಮತ್ತು ಕೆಡುವ ಕ್ರಮ

ಉಪ್ಪಿಟ್ಟನ್ನು ದ್ವೇಷಿಸುವವರಲ್ಲಿ ಅರ್ಧದಷ್ಟು ಮಂದಿ ನಿಜವಾಗಿ ದ್ವೇಷಿಸುವುದು ಕೆಟ್ಟ ಉಪ್ಪಿಟ್ಟನ್ನು. ಆದುದರಿಂದ ಪಾಕದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮೊದಲನೆಯದು ಹುರಿಯುವುದು. ರವೆಯನ್ನು ಸಣ್ಣ ಉರಿಯಲ್ಲಿ, ಕೈ ಬಿಡದೆ, ಘಮ ಬರುವವರೆಗೆ ಹುರಿಯಬೇಕು, ಬಣ್ಣ ಕೆಂಪಾಗಬಾರದು. ಒಂದು ಚಮಚ ತುಪ್ಪವೋ ಎಣ್ಣೆಯೋ ಸೇರಿದರೆ ಪ್ರತಿ ಕಾಳಿಗೂ ತೆಳುವಾದ ಲೇಪ ಬಂದು, ನೀರು ಬಿದ್ದಾಗ ಕಾಳುಗಳು ಪರಸ್ಪರ ಅಂಟಿ ಗಂಟಾಗುವುದು ತಪ್ಪುತ್ತದೆ. ಹಸಿ ರವೆಯನ್ನು ಕುದಿಯುವ ನೀರಿಗೆ ಸುರಿಯುವವರು ಗಂಟಿನ ಬಗ್ಗೆ ದೂರುವ ಹಕ್ಕನ್ನು ಕಳೆದುಕೊಂಡವರು.

ಎರಡನೆಯದು ನೀರಿನ ಅಳತೆ. ಒಂದು ಲೋಟ ಮಧ್ಯಮ ರವೆಗೆ ಎರಡು ಲೋಟ ನೀರು ಹಾಕಿದರೆ ಉದುರುದುರಾದ ಉಪ್ಪಿಟ್ಟು. ಎರಡೂವರೆಯಿಂದ ಮೂರು ಲೋಟ ಹಾಕಿದರೆ ಮೆತ್ತನೆಯದು. ಬನ್ಸಿ ರವೆಗೆ ಮೂರಕ್ಕೆ ಕಡಿಮೆಯಾಗಬಾರದು. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವಿನ ಒಗ್ಗರಣೆಯ ಮೇಲೆ ನೀರು ಹಾಕಿ, ಅದು ಮರಳಿ ಕುದಿದ ನಂತರವೇ ರವೆ ಬೀಳಬೇಕು. ಒಂದು ಕೈಯಲ್ಲಿ ರವೆ ಸುರಿಯುತ್ತ ಇನ್ನೊಂದು ಕೈಯಲ್ಲಿ ಸೌಟಾಡಿಸಿ, ಉರಿ ತಗ್ಗಿಸಿ, ಮುಚ್ಚಿಟ್ಟು ಐದು ನಿಮಿಷ ಬಿಡಬೇಕು. ಈ ಕೊನೆಯ ಐದು ನಿಮಿಷಗಳಿಗೆ ತಾಳ್ಮೆಯಿಲ್ಲದ ಕಡೆ ರವೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ.

ಮೂರನೆಯದು ಸಮಯ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗೋಧಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬತೊಡಗುತ್ತವೆ. ಬಿಸಿ ಉಪ್ಪಿಟ್ಟಿನ ಮೃದುತ್ವಕ್ಕೆ ಇದೇ ಕಾರಣ. ಆರಿದಂತೆ ಆ ಪಿಷ್ಟದ ಅಣುಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಉಪ್ಪಿಟ್ಟು ಪಾತ್ರೆಯ ಆಕಾರವನ್ನೇ ತಾಳಿ ನಿಲ್ಲುತ್ತದೆ. ಇದೇ ವಿದ್ಯಾರ್ಥಿಗಳ ಕಾಂಕ್ರೀಟ್. ಏಳು ಗಂಟೆಗೆ ಮಾಡಿದ್ದನ್ನು ಒಂಬತ್ತೂವರೆಗೆ ಬಡಿಸುವ ಯಾವ ಅಡುಗೆಮನೆಯೂ ಒಳ್ಳೆಯ ಉಪ್ಪಿಟ್ಟನ್ನು ಕೊಡಲಾರದು. ಬೆಳಗ್ಗೆ ಐದೂವರೆಗೆ ಎದ್ದು ಮಾಡಿ, ಡಬ್ಬಿಗೆ ತುಂಬಿ, ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ ಪ್ರಯಾಣ ಮಾಡಿ ತಲುಪಿದ ಉಪ್ಪಿಟ್ಟಿನಿಂದ ಇಡೀ ಜಾತಿಯನ್ನೇ ಅಳೆಯುವುದು ನ್ಯಾಯವಲ್ಲ. ಆದರೆ ಮಹಾನಗರದ ಬಹುಪಾಲು ಮಕ್ಕಳಿಗೆ ದೊರೆಯುವುದು ಆ ಡಬ್ಬಿಯ ಉಪ್ಪಿಟ್ಟೇ.

ಪ್ರಾಂತಭೇದ

ಹಳೆ ಮೈಸೂರು ಸೀಮೆಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಅವರೆಕಾಯಿ ಕಾಲದಲ್ಲಿ ಉಪ್ಪಿಟ್ಟಿಗೆ ಬೇರೆಯೇ ಮರ್ಯಾದೆ. ಸೊಗಡಿನ ಅವರೆಕಾಳು, ತೆಂಗಿನತುರಿ, ನಿಂಬೆರಸ ಬಿದ್ದ ಉಪ್ಪಿಟ್ಟಿನ ಮುಂದೆ ವಿರೋಧಿಗಳೂ ಮೆತ್ತಗಾಗುವುದುಂಟು. ಚೆನ್ನೈ, ಹೈದರಾಬಾದುಗಳಲ್ಲಿರುವವರು ಬೆಂಗಳೂರಿನಿಂದ ಬರುವ ನೆಂಟರ ಚೀಲದಲ್ಲಿ ಸಂಕ್ರಾಂತಿಯ ಎಳ್ಳಿನ ಜೊತೆಗೆ ಅವರೆಕಾಳನ್ನೂ ನಿರೀಕ್ಷಿಸುವುದು ಇದಕ್ಕಾಗಿಯೇ. ಬೆಂಗಳೂರಿನ ಹೋಟೆಲುಗಳು ತರಕಾರಿ, ಅರಿಸಿನ, ವಾಂಗಿಭಾತಿನ ಪುಡಿಗಳನ್ನು ಸೇರಿಸಿ ಉಪ್ಪಿಟ್ಟನ್ನು ಖಾರಾಭಾತ್ ಎಂಬ ಹೆಸರಿನಲ್ಲಿ ಮೇಲಕ್ಕೇರಿಸಿದವು. ಪಕ್ಕದಲ್ಲಿ ಕೇಸರಿಭಾತ್ ಇಟ್ಟರೆ ಅದು ಚೌಚೌಭಾತ್. ಉಪ್ಪಿಟ್ಟನ್ನು ಮುಟ್ಟದವರು ಖಾರಾಭಾತನ್ನು ಬಾಯಿ ಚಪ್ಪರಿಸಿ ತಿನ್ನುವುದನ್ನು ನೋಡಿದಾಗ ಹೆಸರಿಗೂ ರುಚಿಗೂ ಇರುವ ನಂಟು ತಿಳಿಯುತ್ತದೆ. ಚೆನ್ನೈ ಹೋಟೆಲುಗಳ ರವಾ ಕಿಚಡಿ ಇದರ ದಾಯಾದಿ.

ಕರಾವಳಿಯಲ್ಲಿ ಸಜ್ಜಿಗೆಯ ಜೊತೆಗಾರ ಅವಲಕ್ಕಿ. ತುಳುವಿನಲ್ಲಿ ಬಜಿಲ್ ಎನ್ನುವ, ತೆಂಗಿನತುರಿ, ಬೆಲ್ಲ, ಖಾರ ಕಲಸಿದ ತೆಳು ಅವಲಕ್ಕಿಯನ್ನು ಬಿಸಿ ಸಜ್ಜಿಗೆಯ ಮೇಲೆ ಹಾಕಿ ತಿನ್ನುವ 'ಸಜ್ಜಿಗೆ ಬಜಿಲ್' ಉಡುಪಿ, ಮಂಗಳೂರು ಹೋಟೆಲುಗಳ ಮುಂಜಾನೆಯ ತಿಂಡಿ. ಮೆತ್ತನೆಯದರ ಮೇಲೆ ಗರಿಯಾದುದು ಬೀಳುವ ಈ ಜೋಡಣೆ ಉಪ್ಪಿಟ್ಟಿನ ದೊಡ್ಡ ದೋಷವಾದ ಏಕತಾನವನ್ನು ಕಳೆಯುತ್ತದೆ. ಮುಂಬಯಿ, ಪುಣೆಗಳಲ್ಲಿ ಉಪ್ಮಾದ ಮೇಲೆ ಶೇವ್ ಉದುರಿಸುವುದರಲ್ಲೂ ಅದೇ ವಿವೇಕವಿದೆ. ಹೈದರಾಬಾದಿನಲ್ಲಿ ಹೆಸರುಕಾಳಿನ ಪೆಸರಟ್ಟಿನೊಳಗೆ ಉಪ್ಮಾವನ್ನು ಮಡಿಸಿ ಕೊಡುತ್ತಾರೆ, ಅದಕ್ಕೆ ಎಂ.ಎಲ್.ಎ. ಪೆಸರಟ್ಟು ಎಂದು ಹೆಸರು.

ಶಾಲೆಯ ಉಪ್ಪಿಟ್ಟು

ಅರವತ್ತು ದಾಟಿದ ಕನ್ನಡಿಗರಲ್ಲಿ, ವಿಶೇಷವಾಗಿ ಹಳ್ಳಿಯ ಸರಕಾರಿ ಶಾಲೆಗಳಲ್ಲಿ ಓದಿದವರಲ್ಲಿ, ಉಪ್ಪಿಟ್ಟು ಎಂದೊಡನೆ ಮನಸ್ಸಿಗೆ ಬರುವುದು ಮನೆಯದ್ದಲ್ಲ, ಶಾಲೆಯದ್ದು. ಅಮೆರಿಕದಲ್ಲಿ 1954ರಲ್ಲಿ ಅಂಗೀಕೃತವಾದ ಪಿ.ಎಲ್. 480 ಕಾನೂನಿನನ್ವಯ ಆ ದೇಶದ ಹೆಚ್ಚುವರಿ ಧಾನ್ಯ ಭಾರತಕ್ಕೆ ಹರಿದುಬಂತು. 1950ರಿಂದ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಕೇರ್ ಸಂಸ್ಥೆಯ ಮೂಲಕ ಶಾಲಾ ಮಕ್ಕಳಿಗೆ ಹಾಲಿನ ಪುಡಿ, ಬಲ್ಗರ್ ಗೋಧಿ, ಮೆಕ್ಕೆಜೋಳ ಮತ್ತು ಸೋಯಾ ಬೆರೆತ ಹಿಟ್ಟು, ಅಡುಗೆಯೆಣ್ಣೆ ದೊರೆತವು. 1960ರ ಮತ್ತು 70ರ ದಶಕಗಳಲ್ಲಿ ಆಗಿನ ಮೈಸೂರು ರಾಜ್ಯದ, ಅನಂತರ ಕರ್ನಾಟಕದ ಶಾಲೆಗಳಲ್ಲಿ ಇವೆಲ್ಲ ಉಪ್ಪಿಟ್ಟಿನ ರೂಪ ತಾಳಿದವು.

ಬಲ್ಗರ್ ಎಂದರೆ ಗೋಧಿಯನ್ನು ಬೇಯಿಸಿ, ಒಣಗಿಸಿ, ಒಡೆದ ನುಚ್ಚು. ಅದು ನಮ್ಮ ರವೆಯಂತೆ ಕರಗುವುದಿಲ್ಲ, ಜಗಿಯಬೇಕು. ಮೆಕ್ಕೆಜೋಳದ್ದು ಹಳದಿ ಬಣ್ಣ, ತುಸು ಸಿಹಿ. ಒಗ್ಗರಣೆಗೆ ಈರುಳ್ಳಿ, ಮೆಣಸಿನಕಾಯಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಎರಡು ಕೈಗಳು ಕುಲುಕುವ ಚಿತ್ರವಿದ್ದ ಆ ಚೀಲಗಳನ್ನೂ ಎಣ್ಣೆಯ ಡಬ್ಬಗಳನ್ನೂ ನೆನಪಿಟ್ಟುಕೊಂಡವರು ಇಂದಿಗೂ ಬಹಳ ಮಂದಿಯಿದ್ದಾರೆ.

ಈ ಉಪ್ಪಿಟ್ಟಿನ ಬಗ್ಗೆ ಕೇಳಿದರೆ ಎರಡು ವಿರುದ್ಧ ಉತ್ತರಗಳು ದೊರೆಯುತ್ತವೆ. ಆ ರುಚಿ ಮತ್ತೆ ಎಲ್ಲೂ ಸಿಗಲಿಲ್ಲವೆನ್ನುವವರು ಒಂದು ಕಡೆ. ಅದರ ಎಣ್ಣೆಯ ವಾಸನೆ ನೆನೆದರೆ ಇಂದಿಗೂ ಹೊಟ್ಟೆ ತೊಳಸುತ್ತದೆ ಎನ್ನುವವರು ಇನ್ನೊಂದು ಕಡೆ. ಮಾತು ಬೆಳೆಸಿದರೆ ವ್ಯತ್ಯಾಸದ ಕಾರಣ ಹೊರಬೀಳುತ್ತದೆ. ಮನೆಯಲ್ಲಿ ಬೆಳಗಿನ ತಿಂಡಿಯೇ ಇಲ್ಲದೆ ಮೂರು ಮೈಲಿ ನಡೆದು ಬಂದ ಹುಡುಗನಿಗೆ ಅದು ದಿನದ ಮೊದಲ ಬಿಸಿ ತುತ್ತು. ಮನೆಯಲ್ಲಿ ದೋಸೆ ತಿಂದು ಬಂದವನಿಗೆ ಅದೊಂದು ಶಿಕ್ಷೆ. ಇವರಿಬ್ಬರ ನಡುವೆ ಮೂರನೆಯವರೂ ಇದ್ದರು: ಹಸಿವಿದ್ದೂ, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ಸಹಪಾಠಿಗಳು ನೋಡುತ್ತಾರೆಂದು ಕುಗ್ಗಿದವರು. ದೊಡ್ಡವರಾಗಿ ಪಟ್ಟಣ ಸೇರಿ, ಸಂಬಳ ತಂದು, ಮನೆ ಕಟ್ಟಿಸಿದ ಮೇಲೂ ಉಪ್ಪಿಟ್ಟು ಬೇಡವೆನ್ನುವವರು ಹೆಚ್ಚಾಗಿ ಈ ಮೂರನೆಯ ಗುಂಪಿನವರು. ಕಾರಣ ಕೇಳಿದರೆ 'ಗ್ಯಾಸ್ ಆಗುತ್ತದೆ' ಎನ್ನುತ್ತಾರೆ.

1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಅಂಗನವಾಡಿಗಳಿಗೂ ಉಪ್ಪಿಟ್ಟು ಬಂತು. ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಅನ್ನ ಸಾಂಬಾರನ್ನು ಶಾಲೆಯ ಊಟವನ್ನಾಗಿಸಿತು. ಇಂದಿನ ತರುಣರಿಗೆ ಹಳದಿ ಉಪ್ಪಿಟ್ಟಿನ ನೆನಪಿಲ್ಲದಿರುವುದು ಇದರಿಂದಲೇ.

ಹೋಟೆಲಿನ ಉಪ್ಪಿಟ್ಟು

ಮುಂಬಯಿಗೆ ಬಂದ ಕರಾವಳಿಯ ಕನ್ನಡಿಗರ ಇತಿಹಾಸದಲ್ಲಿ ಹೋಟೆಲಿಗೂ ರಾತ್ರಿಶಾಲೆಗೂ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದು. ಹಗಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಬ್ಯಾಂಕುಗಳಲ್ಲಿ, ಕಂಪೆನಿಗಳಲ್ಲಿ ಮೇಲೇರಿದವರು ನಮ್ಮ ಹಿಂದಿನ ಪೀಳಿಗೆಯಲ್ಲಿ ಅನೇಕರು. ಅವರು ಹೋಟೆಲಿನಲ್ಲಿ ಏನು ತಿಂದರೆಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ಕಡಿಮೆ.

ಈ ಲೇಖಕನ ದೊಡ್ಡಪ್ಪ ಕಾರ್ಕಳದ ಹತ್ತಿರದ ಹಳ್ಳಿಯಿಂದ 1954ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಕೈ ಹಿಡಿದು ಹಡಗು ಹತ್ತಿ ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ದೋಸೆ ಗಿರಾಕಿ ಕೇಳಿದಾಗ ಹೊಯ್ಯುವಂಥದ್ದು, ವಡೆ ಮಧ್ಯಾಹ್ನದೊಳಗೆ ಮುಗಿಯುವಂಥದ್ದು. ಬೆಳಗ್ಗೆ ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಮಾಡಿಟ್ಟು, ತಳದಲ್ಲಿ ಉಳಿಯುವಂಥದ್ದು ಉಪ್ಪಿಟ್ಟು. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಹುಡುಗರ ಪಾಲಿಗೆ ಬರುತ್ತಿದ್ದುದು ಅದೇ, ಉಳಿದ ಸಾಂಬಾರಿನೊಂದಿಗೆ. ಹೀಗೆ ಆರು ವರ್ಷ. ಮೆಟ್ರಿಕ್ ಮುಗಿಸಿ ಗುಮಾಸ್ತರಾಗಿ ಸೇರಿದ ದಿನದಿಂದ ಬದುಕಿನ ಕೊನೆಯವರೆಗೆ ಅವರು ಉಪ್ಪಿಟ್ಟನ್ನು ಬಾಯಿಗೆ ಹಾಕಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಸಜ್ಜಿಗೆಯೆಂದರೆ ತವರಿನ ನೆನಪು. ಭಾನುವಾರ ಬೆಳಗ್ಗೆ ಅವರು ಸಜ್ಜಿಗೆಯನ್ನೂ ಬಜಿಲನ್ನೂ ಮಾಡುತ್ತಿದ್ದರು. ನಾವೆಲ್ಲ ಎರಡನ್ನೂ ಕಲಸಿಕೊಂಡು ತಿನ್ನುವಾಗ ದೊಡ್ಡಪ್ಪನ ತಟ್ಟೆಗೆ ಬರಿಯ ಬಜಿಲ್ ಬೀಳುತ್ತಿತ್ತು. ಅದರ ಬಗ್ಗೆ ಇಬ್ಬರೂ ಚಕಾರವೆತ್ತುತ್ತಿರಲಿಲ್ಲ. ಒಮ್ಮೆ ನಾನು, ಆಗ ಕಾಲೇಜು ಓದುತ್ತಿದ್ದವನು, 'ದೊಡ್ಡಪ್ಪ, ನಿಮಗೆ ಅದರ ಮೇಲೆ ಇನ್ನೂ ಸಿಟ್ಟೇ?' ಎಂದು ಕೇಳಿಬಿಟ್ಟೆ. 'ಸಿಟ್ಟು ಎಂಥದ್ದು ಮಾರಾಯ, ನನ್ನನ್ನು ಸಾಕಿದ್ದೇ ಅದು. ತಿನ್ನಲಿಕ್ಕೆ ಆಗುವುದಿಲ್ಲ, ಅಷ್ಟೇ' ಎಂದರು. ಅವರ ತಮ್ಮ, ಅಂದರೆ ನಮ್ಮ ತಂದೆ, ನಾಲ್ಕು ವರ್ಷ ತಡವಾಗಿ ಮುಂಬಯಿಗೆ ಬಂದು, ಅಣ್ಣನ ಖೋಲಿಯಲ್ಲಿದ್ದುಕೊಂಡು ಹಗಲು ಶಾಲೆಗೆ ಹೋದವರು. ಅವರಿಗೆ ಉಪ್ಪಿಟ್ಟು ಪಂಚಪ್ರಾಣ.

ಮನೆಯ ಕಟ್ಟಳೆಗಳಲ್ಲಿ

ಒಪ್ಪತ್ತು ಮಾಡುವ ಮನೆಗಳಲ್ಲಿ ಶನಿವಾರದ ರಾತ್ರಿ, ಶ್ರಾದ್ಧದ ದಿನದ ರಾತ್ರಿ ಅನ್ನ ವರ್ಜ್ಯವಾದಾಗ ಈರುಳ್ಳಿಯಿಲ್ಲದ ಉಪ್ಪಿಟ್ಟೇ ಫಲಾಹಾರ. ಅಂಥ ಮನೆಗಳ ಮಕ್ಕಳಿಗೆ ಅದು ತಾತನ ತಿಥಿಯ, ದೊಡ್ಡವರು ಮೌನವಾಗಿ ಕುಳಿತ ಸಂಜೆಯ ರುಚಿಯಾಗಿ ಉಳಿಯುತ್ತದೆ. ಹೆಣ್ಣು ನೋಡುವ ಶಾಸ್ತ್ರದ ಉಪ್ಪಿಟ್ಟು ಕೇಸರಿಭಾತಿನ ಬಗ್ಗೆ ಹಾಸ್ಯಗಳು ಸಾಕಷ್ಟಿವೆ. ತಟ್ಟೆ ಹಿಡಿದು ಬಂದು ನಿಲ್ಲಬೇಕಾಗಿದ್ದ ಹೆಣ್ಣುಮಕ್ಕಳ ಕಡೆಯಿಂದ ಆ ಹಾಸ್ಯಗಳನ್ನು ಯಾರೂ ಹೇಳಿದಂತಿಲ್ಲ. ನಾಲ್ಕೈದು ಬಾರಿ ಹಾಗೆ ನಿಂತವರಿಗೆ ಉಪ್ಪಿಟ್ಟಿನ ಮೇಲೆ ಪ್ರೀತಿ ಉಳಿದಿದ್ದರೆ ಅದು ಅವರ ದೊಡ್ಡ ಗುಣ.

ಹೇಳದೆ ಬಂದ ನೆಂಟರಿಗೆ, ಅಡುಗೆ ಮಾಡುವವರಿಗೆ ಮೈ ಸರಿಯಿಲ್ಲದ ದಿನಕ್ಕೆ, ತಿಂಗಳ ಕೊನೆಯ ವಾರಕ್ಕೆ ಒದಗುವುದೂ ಇದೇ. ಬೇರೇನೂ ಇಲ್ಲದಾಗ ಮಾಡುವ ತಿಂಡಿಯೆಂಬ ಹಣೆಪಟ್ಟಿ ಹೀಗೆ ಅಂಟಿಕೊಂಡಿತು.

ನಾಲಿಗೆ ಏನು ಹೇಳುತ್ತದೆ

ಕೆಲವು ಇಷ್ಟಾನಿಷ್ಟಗಳು ಹುಟ್ಟಿನಿಂದಲೇ ಬರುತ್ತವೆ. ಕೊತ್ತಂಬರಿ ಸೊಪ್ಪು ಕೆಲವರಿಗೆ ಸಾಬೂನಿನಂತೆ ತೋರುವುದಕ್ಕೂ ವಾಸನೆಯನ್ನು ಗ್ರಹಿಸುವ ಓ.ಆರ್.6ಎ2 ಎಂಬ ಜೀನಿನ ಭೇದಕ್ಕೂ ಸಂಬಂಧವಿದೆಯೆಂದು 2012ರ ಅಧ್ಯಯನವೊಂದು ತೋರಿಸಿತು. ಉಪ್ಪಿಟ್ಟಿಗೆ ಅಂಥ ನೆಪವಿಲ್ಲ. ಅದರಲ್ಲಿ ಕಹಿಯಿಲ್ಲ, ಒಗರಿಲ್ಲ, ತೀಕ್ಷ್ಣ ವಾಸನೆಯಿಲ್ಲ. ಅದರ ಬಗೆಗಿನ ಅಸಹನೆ ಹೆಚ್ಚಾಗಿ ಹದಕ್ಕೆ ಸಂಬಂಧಿಸಿದ್ದು, ಇಲ್ಲವೇ ನೆನಪಿಗೆ ಸಂಬಂಧಿಸಿದ್ದು.

ನೆನಪಿನ ಪಾತ್ರಕ್ಕೆ ಪ್ರಯೋಗಗಳ ಆಧಾರವಿದೆ. ಅಮೆರಿಕದ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದಂತೆ, ಸಿಹಿನೀರು ಕುಡಿದಾಗ ವಿಕಿರಣದಿಂದ ಅಸ್ವಸ್ಥಗೊಂಡ ಇಲಿಗಳು ಅನಂತರ ಸಿಹಿನೀರನ್ನೇ ದೂರವಿಟ್ಟವು. ಮನುಷ್ಯರಲ್ಲೂ ಒಂದೇ ಒಂದು ಕೆಟ್ಟ ಅನುಭವ ಒಂದು ತಿನಿಸನ್ನು ಬಹುಕಾಲ ದೂರವಿಡಬಲ್ಲದು. ಇದಕ್ಕೆ ವ್ಯತಿರಿಕ್ತವಾಗಿ, ಪರಿಚಯ ಇಷ್ಟವನ್ನು ಬೆಳೆಸುತ್ತದೆ. 2001ರಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಗರ್ಭಿಣಿಯರಾಗಿದ್ದಾಗ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಕ್ಯಾರೆಟ್ ರುಚಿಯ ಆಹಾರವನ್ನು ಹೆಚ್ಚು ಸುಲಭವಾಗಿ ಒಪ್ಪಿಕೊಂಡವು. ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸನ್ನು ಶಂಕಿಸುವುದು ಸಹಜ. ಬಲವಂತವಿಲ್ಲದೆ ಹತ್ತಾರು ಬಾರಿ ಸ್ವಲ್ಪ ಸ್ವಲ್ಪವೇ ಮುಂದಿಟ್ಟರೆ ಶಂಕೆ ಕಳೆಯುತ್ತದೆ. 'ತಟ್ಟೆ ಖಾಲಿಯಾಗದೆ ಏಳುವಂತಿಲ್ಲ' ಎಂಬ ನಮ್ಮ ಹಿರಿಯರ ಶಾಸನ ಎಷ್ಟು ಉಪ್ಪಿಟ್ಟು ವಿರೋಧಿಗಳನ್ನು ಸೃಷ್ಟಿಸಿರಬಹುದೆಂದು ಊಹಿಸಿಕೊಳ್ಳಬಹುದು.

ಇತ್ತೀಚಿನ ವರ್ಷಗಳು

ಮುಂಬಯಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಬಾಣಸಿಗ ಫ್ಲಾಯ್ಡ್ ಕಾರ್ಡೋಜ್, 2011ರಲ್ಲಿ ಅಮೆರಿಕದ ಟಾಪ್ ಶೆಫ್ ಮಾಸ್ಟರ್ಸ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಅಣಬೆ ಸೇರಿಸಿದ ಉಪ್ಮಾ ಬಡಿಸಿ ಗೆದ್ದರು. 2020ರ ಮಾರ್ಚಿನಲ್ಲಿ ಅವರು ಕೊರೊನಾ ಸೋಂಕಿನಿಂದ ತೀರಿಕೊಂಡಾಗ ಅನೇಕರು ನೆನೆದದ್ದು ಆ ಉಪ್ಮಾವನ್ನು. ತಮಿಳುನಾಡು ಸರಕಾರ 2022ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರ ಯೋಜನೆ ಆರಂಭಿಸಿದಾಗ ಸೋಮವಾರದ ಪಟ್ಟಿಯಲ್ಲಿ ಬಗೆಬಗೆಯ ಉಪ್ಪುಮಾಗಳಿದ್ದವು.

ಕೇರಳದಲ್ಲಿ 2025ರಲ್ಲಿ ನಡೆದುದು ಇನ್ನೂ ಸ್ವಾರಸ್ಯವಾದುದು. ಅಂಗನವಾಡಿಯಲ್ಲಿ ಉಪ್ಪುಮಾವಿನ ಬದಲು ಬಿರಿಯಾನಿ ಬೇಕೆಂದು ಪುಟ್ಟ ಮಗುವೊಂದು ತಾಯಿಗೆ ಹೇಳಿದ ದೃಶ್ಯ ನಾಡಿನಾದ್ಯಂತ ಹರಡಿತು. ಸಚಿವೆ ವೀಣಾ ಜಾರ್ಜ್ ಅದಕ್ಕೆ ಸ್ಪಂದಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ರಕಟವಾದ ಹೊಸ ಪಟ್ಟಿಯಲ್ಲಿ ಮೊಟ್ಟೆ ಬಿರಿಯಾನಿ ಸೇರಿತು. ಹಿಂದಿನ ಮಕ್ಕಳಿಗೂ ಇದೇ ಆಸೆ ಇತ್ತು, ಕೇಳುವವರಿರಲಿಲ್ಲ.

ಮನೆಯಲ್ಲಿ ಒಲ್ಲದ ಮಕ್ಕಳಿರುವ ತಾಯಂದಿರಿಗೆ ಅನುಭವಸ್ಥರು ಹೇಳುವ ಒಂದೆರಡು ಉಪಾಯಗಳುಂಟು. ಶುಂಠಿ, ಮೆಣಸಿನಕಾಯಿಗಳನ್ನು ಹೆಚ್ಚಿ ಹಾಕದೆ ಜಜ್ಜಿ ಹಾಕಿದರೆ ಬಾಯಿಗೆ ಸಿಕ್ಕಿ ಕೆರಳಿಸುವುದಿಲ್ಲ. ಡಬ್ಬಿಗೆ ಕಟ್ಟುವುದಾದರೆ ನೀರನ್ನು ಅರ್ಧ ಲೋಟ ಹೆಚ್ಚಿಸಿ, ಕೊನೆಯಲ್ಲಿ ಒಂದು ಸೌಟು ಮೊಸರನ್ನೋ ಹಾಲನ್ನೋ ಬೆರೆಸಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಶೇವ್ ಅಥವಾ ಒಗ್ಗರಣೆ ಅವಲಕ್ಕಿಯನ್ನು ಬೇರೆ ಪೊಟ್ಟಣದಲ್ಲಿ ಕೊಟ್ಟು, ತಿನ್ನುವಾಗ ತಾವೇ ಹಾಕಿಕೊಳ್ಳಲು ಬಿಡಬೇಕು. ಉಳಿದುದನ್ನು ಮರುದಿನ ಬಿಸಿ ಮಾಡಿ ಬಡಿಸುವುದಕ್ಕಿಂತ ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪಿನೊಂದಿಗೆ ಕಲಸಿ ರೊಟ್ಟಿ ತಟ್ಟಿದರೆ, ಅದರೊಳಗೆ ಉಪ್ಪಿಟ್ಟಿದೆಯೆಂಬುದನ್ನು ನೀವು ಹೇಳದ ಹೊರತು ಯಾರೂ ಕಂಡುಹಿಡಿಯಲಾರರು.